ಗಾಜಿನ ಅಂಬುಧಿ
(ಬಾನುಲಿ ಭಾಷಣ)

ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರ ತಾಲ್ಲೂಕಿನಲ್ಲಿ, ಮೊದಲು ತರೀಕೆರೆ ತಾಲ್ಲೂಕಿಗೆ ಸೇರಿದ್ದ ಭಾಗದಲ್ಲಿ, ಬುಕ್ಕಾಂಬುಧಿ ಎಂಬ ಊರೊಂದಿದೆ. ಹೆಸರನ್ನು ಬಿಡಿಸಿದರೆ ಬುಕ್ಕ, ಅಂಬುಧಿ ಎಂಬ ಎರಡು ಪದಗಳು ದೊರೆಯುತ್ತವೆ. ಅಂಬು ಎಂದರೆ ನೀರು. ಅಂಬುಧಿ ಎಂದರೆ ನೀರಿಗೆ ನೆಲೆಯಾದುದು, ಅಂದರೆ ಕಡಲು. ಆ ಊರಿನಿಂದ ಕಡಲನ್ನು ಕಾಣಬೇಕಾದರೆ ಮಲೆನಾಡನ್ನು ಹಾದು, ಸಹ್ಯಾದ್ರಿಯ ಘಟ್ಟವನ್ನಿಳಿದು ಹೋಗಬೇಕು. ಆದರೂ ಹೆಸರು ಅಂಬುಧಿ. ಇದೊಂದು ಊರಿನ ಮಾತಲ್ಲ. ಹೊಯ್ಸಳರ ರಾಜಧಾನಿ ದೋರಸಮುದ್ರ; ಸೂಳೆಕೆರೆಯ ಇನ್ನೊಂದು ಹೆಸರು ಶಾಂತಿಸಾಗರ; ಅನಂತಪುರದ ಬಳಿ ಬುಕ್ಕರಾಯಸಮುದ್ರ. ಕಡಲಿಲ್ಲದ ನಾಡಿನವರು ತಮ್ಮ ಕೆರೆಗಳನ್ನು ಕಡಲೆಂದು ಕರೆದುಕೊಂಡರು. ಮಳೆ ಕಡಮೆಯಾದ ಸೀಮೆಯಲ್ಲಿ ಕಣ್ಣು ಹಾಯುವಷ್ಟು ದೂರ ನೀರು ನಿಂತುದನ್ನು ಕಂಡವನ ಬಾಯಿಂದ ಬೇರೆ ಯಾವ ಮಾತು ತಾನೆ ಬಂದೀತು?

ಕವಿಗಳೂ ಹೀಗೆಯೇ ಮಾಡಿದರು. ಮಹಾಕಾವ್ಯಕ್ಕೆ ಹೇಳಿದ ಅಷ್ಟಾದಶ ವರ್ಣನೆಗಳಲ್ಲಿ ಸಮುದ್ರವರ್ಣನೆಯೂ ಒಂದು. ತಡಿಯಿಂದ ಎಷ್ಟೇ ದೂರದಲ್ಲಿ ಬಾಳಿದ ಕವಿಯಾದರೂ ಕಡಲನ್ನು ವರ್ಣಿಸಲೇಬೇಕು. ಬುಕ್ಕಾಂಬುಧಿಗೆ ನೆರೆಯ ಕಡೂರು ತಾಲ್ಲೂಕಿನ ದೇವನೂರು ಲಕ್ಷ್ಮೀಶನ ಊರೆಂದು ಪ್ರಸಿದ್ಧವಾಗಿದೆ. ಅವನ ಜೈಮಿನಿ ಭಾರತದಲ್ಲಿ ಯಜ್ಞಾಶ್ವವು ಕಡಲನ್ನು ಹೊಗುತ್ತದೆ. ಕಡಲ ನಡುವೆ ತಪಸ್ಸಿಗೆ ಕುಳಿತ ಬಕದಾಲ್ಭ್ಯ ಮುನಿಯ ದರ್ಶನವಾಗುತ್ತದೆ. ಒಳನಾಡಿನವನ ಮನಸ್ಸಿನಲ್ಲಿ ಕಡಲಿಗೆ ಯಾವಾಗಲೂ ಒಂದು ಎಡೆಯಿತ್ತು. ಅದನ್ನು ಹೆಸರಾಗಿ, ವರ್ಣನೆಯಾಗಿ ಮನೆಗೆ ತಂದುಕೊಳ್ಳುವ ಆಸೆ ಬಹಳ ಹಳೆಯದು. ಇಂದು ಆ ಆಸೆ ಬೇರೊಂದು ರೂಪವನ್ನು ತಾಳಿದೆ. ನಡುಮನೆಯ ಗೋಡೆಯ ಪಕ್ಕದಲ್ಲಿ ಗಾಜಿನ ತೊಟ್ಟಿಯೊಂದನ್ನಿಟ್ಟು, ಅದರಲ್ಲಿ ಉಪ್ಪುನೀರು ತುಂಬಿ, ಜೀವಂತ ಹವಳಗಳನ್ನು ಬೆಳೆಸುವ ಹವ್ಯಾಸ ಲೋಕದ ಅನೇಕ ದೇಶಗಳಲ್ಲಿ ಹಬ್ಬಿದೆ. ಈ ಗಾಜಿನ ಅಂಬುಧಿಯ ಚರಿತ್ರೆಯನ್ನು ಕೇಳುಗರ ಮುಂದಿಡುವುದು ಇಂದಿನ ಭಾಷಣದ ಉದ್ದೇಶ.

ಮೀನನ್ನು ವಿನೋದಕ್ಕಾಗಿ ನೋಡುವ ಪದ್ಧತಿ ಕನ್ನಡ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದ ಎಂಬ ಭಾಗವೇ ಇದೆ. ಯಾವ ಮೀನು ಕಡಲಿನದು, ಯಾವುದು ಹೊಳೆಯದು, ಯಾವುದಕ್ಕೆ ಯಾವ ತಿನಿಸು ಹಿತ ಎಂಬುದನ್ನು ದೊರೆ ಹೆಸರು ಹಿಡಿದು ಹೇಳಿದ್ದಾನೆ. ಗಾಳ ಹಾಕುವ ವಿನೋದಕ್ಕಾಗಿಯೇ ಹೇಳಿದ ಮಾತುಗಳು ಅವು. ಆದರೂ ನೋಡಿ ತಿಳಿದು ಬರೆದ ಮಾತುಗಳು. 1951ರಲ್ಲಿ ಪ್ರಾಣಿಶಾಸ್ತ್ರಜ್ಞರಾದ ಸುಂದರಲಾಲ್ ಹೋರಾ ಅವರು ಈ ಭಾಗವನ್ನು ಮತ್ಸ್ಯಶಾಸ್ತ್ರದ ದೃಷ್ಟಿಯಿಂದ ವಿವೇಚಿಸಿದರು.

ಮೀನಿನ ಮಾತು ಹೀಗಾಯಿತು. ಹವಳದ ಮಾತು ಬೇರೆ. ಸಂಸ್ಕೃತದ ಪ್ರವಾಳ ನಮ್ಮಲ್ಲಿ ಪವಳವಾಗಿ, ಮುಂದೆ ಹವಳವಾಯಿತು. ನವರತ್ನಗಳಲ್ಲಿ ಅದೂ ಒಂದು. ಗ್ರಹಗಳಲ್ಲಿ ಅಂಗಾರಕನಿಗೆ ಸಲ್ಲುವುದು. ಹೆಣ್ಣುಮಕ್ಕಳ ಕೊರಳಿನ ಹವಳದ ಸರವನ್ನು ಕಾಣದವರಾರು? ಆ ಕೆಂಪು ಹವಳದ ತವರು ಮೆಡಿಟರೇನಿಯನ್ ಸಮುದ್ರ. ಕ್ರಿಸ್ತಶಕದ ಆರಂಭದ ಶತಮಾನಗಳಿಂದಲೇ ಅದು ಹಡಗುಗಳಲ್ಲಿ ಭಾರತದ ಬಂದರುಗಳಿಗೆ ಬರುತ್ತಿತ್ತು. ತನ್ನ ನಾಡಿನವರು ಮುತ್ತನ್ನು ಆದರಿಸುವಷ್ಟೇ ನಮ್ಮವರು ಹವಳವನ್ನು ಆದರಿಸುತ್ತಾರೆಂಬುದನ್ನು ರೋಮಿನ ಪ್ಲಿನಿ ಬರೆದಿಟ್ಟಿದ್ದಾನೆ. ನಮ್ಮ ಕೈಗೆ ಬಂದುದು ಸತ್ತ ಹವಳ, ಮಣಿಯಾದ ಹವಳ. ಅದರ ಬಾಳನ್ನು ಕಂಡವರಿರಲಿಲ್ಲ. ಆದುದರಿಂದ ಕವಿಗಳು ಅದನ್ನು ಬಳ್ಳಿ ಎಂದರು. ಹವಳಕ್ಕೆ ವಿದ್ರುಮವೆಂಬ ಹೆಸರುಂಟು; ದ್ರುಮವೆಂದರೆ ಮರ. ಕಡಲ ತಳದಲ್ಲಿ ಬೆಳೆಯುವ ವಿಶಿಷ್ಟವಾದ ಮರ, ವಿದ್ರುಮಲತೆ, ಎಂದು ಕಾವ್ಯಪರಂಪರೆ ಬಗೆಯಿತು.

ಮಣಿಯ ಹವಳ ಬೇರೆ, ದ್ವೀಪವನ್ನು ಕಟ್ಟುವ ಕಲ್ಲುಹವಳ ಬೇರೆ. ಈ ಎರಡನೆಯದರೊಡನೆಯೂ ಕನ್ನಡ ನಾಡಿನ ಚರಿತ್ರೆಗೆ ನಂಟು ಉಂಟೆಂಬುದು ಅನೇಕರಿಗೆ ಮರೆತುಹೋಗಿದೆ. ಲಕ್ಷದ್ವೀಪ ಸಮೂಹದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳಿಗೆ ಅಮಿನದೀವಿಗಳೆಂದು ಹೆಸರು. ಅವು ಹವಳ ಕಟ್ಟಿದ ನೆಲಗಳು. 1787ರಲ್ಲಿ ಅವು ಟಿಪ್ಪುವಿನ ಆಳ್ವಿಕೆಗೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರ ವಶವಾಗಿ, ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೆ ಸೇರಿದವು. ದ್ವೀಪದವರ ತೆಂಗಿನ ನಾರು ಮಂಗಳೂರಿಗೆ ಬರುತ್ತಿತ್ತು. ಅಕ್ಕಿ ಇಲ್ಲಿಂದ ಹೋಗುತ್ತಿತ್ತು. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾದ ದಿನವೇ ಈ ಹವಳದ ದ್ವೀಪಗಳು ಬೇರೆಯಾಗಿ ಕೇಂದ್ರಾಡಳಿತಕ್ಕೆ ಸೇರಿದವು. ಮುರ್ಡೇಶ್ವರದ ಎದುರಿಗೆ ಕಡಲಲ್ಲಿರುವ ನೇತ್ರಾಣಿ ದ್ವೀಪದ ಸುತ್ತಲಿನ ಹವಳ ಇಂದಿಗೂ ನಮ್ಮ ಪಾಲಿಗೆ ಉಳಿದಿದೆ.

ಹವಳವು ಬಳ್ಳಿಯೋ ಕಲ್ಲೋ ಪ್ರಾಣಿಯೋ ಎಂಬ ಪ್ರಶ್ನೆಗೆ ಉತ್ತರ ಹೊರಟುದು ಒಂದು ಪಾತ್ರೆಯಿಂದ. 1706ರಲ್ಲಿ ಮಾರ್ಸಿಲಿ ಎಂಬ ಇಟಲಿಯ ಪಂಡಿತ ಆಗತಾನೆ ಕಡಲಿಂದ ತೆಗೆದ ಹವಳದ ಕೊಂಬೆಯನ್ನು ಕಡಲನೀರಿನ ಪಾತ್ರೆಯಲ್ಲಿಟ್ಟು ನೋಡಿದ. ಕೆಂಪು ಕೊಂಬೆಯ ಮೇಲೆ ಎಂಟೆಂಟು ಎಸಳಿನ ಬಿಳಿಯ ಹೂಗಳು ಅರಳಿದವು. ಹವಳ ಗಿಡವೇ ಸರಿ ಎಂದು ಅವನು ಸಾರಿದ. ಇಪ್ಪತ್ತು ವರ್ಷಗಳೊಳಗೆ ಮಾರ್ಸೇಲ್ಸ್ ನಗರದ ವೈದ್ಯ ಪೇಸೊನೆಲ್ ಅದೇ ಬಗೆಯ ಪಾತ್ರೆಯಲ್ಲಿ ಅದೇ ಹೂಗಳನ್ನು ಕಂಡ. ಆದರೆ ಅವನು ಹೂವನ್ನು ಮುಟ್ಟಿ ನೋಡಿದ, ಅದು ಮುದುಡಿಕೊಂಡಿತು. ಬಿಟ್ಟರೆ ಮತ್ತೆ ಅರಳಿತು. ಇದು ಹೂವಲ್ಲ, ಪ್ರಾಣಿ ಎಂದು ಅವನು ಬರೆದು ಕಳುಹಿಸಿದಾಗ ಪ್ಯಾರಿಸಿನ ವಿದ್ವಾಂಸರು ಒಪ್ಪಲಿಲ್ಲ. ರೆಯೋಮೂರ್ ಎಂಬ ಹಿರಿಯ ವಿಜ್ಞಾನಿ, ಬರೆದವನಿಗೆ ಅವಮಾನವಾಗದಿರಲೆಂದು, ಹೆಸರನ್ನು ಮರೆಮಾಡಿ ಅದನ್ನು ಸಭೆಯಲ್ಲಿ ತಿಳಿಸಿದನಂತೆ. ಮುಂದೆ 1740ರ ದಶಕದಲ್ಲಿ ಟ್ರೆಂಬ್ಲಿಯ ಪ್ರಯೋಗಗಳು ನಡೆದ ಮೇಲೆ ಪೇಸೊನೆಲ್‌ನ ಮಾತು ನಿಂತಿತು. ಒಂದೇ ಪಾತ್ರೆ, ಒಂದೇ ನೋಟ; ಒಬ್ಬನಿಗೆ ಹೂ, ಇನ್ನೊಬ್ಬನಿಗೆ ಪ್ರಾಣಿ. ಜೀವಂತವಾಗಿ ಇಟ್ಟುಕೊಂಡು, ಮುಟ್ಟಿ, ಕಾದು ನೋಡಿದವನಿಗೆ ನಿಜ ದಕ್ಕಿತು.

ಇವು ಕೆಲವು ಗಂಟೆಗಳ ಪಾತ್ರೆಗಳು. ವರ್ಷಗಟ್ಟಲೆ ಹವಳವನ್ನು ಮನೆಯಲ್ಲಿ ಸಾಕಿದ ಕೀರ್ತಿ ಆನ್ನಾ ಥಿನ್ ಎಂಬ ಇಂಗ್ಲಿಷ್ ಗೃಹಿಣಿಗೆ ಸಲ್ಲುತ್ತದೆ. ಆಕೆ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯ ಪಾದ್ರಿಯೊಬ್ಬರ ಪತ್ನಿ. 1846ರಲ್ಲಿ ಟಾರ್ಕಿ ಎಂಬ ಕಡಲ ತಡಿಯ ಊರಿಗೆ ಹೋದಾಗ ಅಲ್ಲಿನ ಬಂಡೆಗಳ ಮೇಲಿನ ಸಣ್ಣ ಹವಳಗಳನ್ನು ಕಂಡು ಮೆಚ್ಚಿ, ಸೂಜಿದಾರದಿಂದ ಅವನ್ನು ಸ್ಪಂಜಿಗೆ ಹೊಲಿದು, ಜಾಡಿಯಲ್ಲಿಟ್ಟು ಮನೆಗೆ ತಂದರು. ಲಂಡನ್ನಿನಲ್ಲಿ ಕಡಲನೀರು ಸುಲಭವಾಗಿ ಸಿಗದು. ಇದ್ದ ನೀರು ಕೆಡದಂತೆ ಮಾಡಲು ತೆರೆದ ಕಿಟಕಿಯ ಬಳಿ ನಿಂತು ಅದನ್ನು ಪಾತ್ರೆಯಿಂದ ಪಾತ್ರೆಗೆ ಸುರಿಯಬೇಕಾಯಿತು; ದಿನವೂ ಅರ್ಧ ಗಂಟೆ, ಮುಕ್ಕಾಲು ಗಂಟೆ. ಆಕೆಗೆ ಬಿಡುವಿಲ್ಲದ ದಿನ ಆ ಕೆಲಸ ಮನೆಗೆಲಸದವಳ ಪಾಲಿಗೆ ಬಂತು. ನಮ್ಮಲ್ಲಿ ಬಿಸಿ ಹಾಲನ್ನು ಎತ್ತಿ ಎತ್ತಿ ಆರಿಸುವುದಿಲ್ಲವೆ? ಹಾಗೆ. ನೀರಿಗೆ ಗಾಳಿ ಬೆರೆಯಿತು, ಹವಳ ಬದುಕಿತು, ಮೂರು ವರ್ಷ ಬಾಳಿ ಮರಿಗಳನ್ನೂ ಹಾಕಿತು. ಮುಂದೆ ಆಕೆ ಕಡಲ ಪಾಚಿಯನ್ನೂ ತಂದಿಟ್ಟು ಸುರಿಯುವ ಶ್ರಮವನ್ನು ಹಗುರ ಮಾಡಿಕೊಂಡರು. ಆ ಕೆಲಸದವಳ ಹೆಸರು ಗ್ರಂಥಗಳಲ್ಲಿ ಕಾಣುವುದಿಲ್ಲ. ಮನೆಯೊಳಗಿನ ಕಡಲಿನ ಮೊದಲ ಅಲೆಗಳನ್ನು ಎಬ್ಬಿಸಿದ್ದು ಅವಳ ತೋಳು.

1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಮೊದಲ ಸಾರ್ವಜನಿಕ ಮತ್ಸ್ಯಾಲಯ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಎಂಬ ಪ್ರಕೃತಿಶಾಸ್ತ್ರಜ್ಞ ಅಕ್ವೇರಿಯಂ ಕುರಿತು ಸಚಿತ್ರ ಗ್ರಂಥವನ್ನು ಪ್ರಕಟಿಸಿದ. ಕಡಲು ದೂರವಿದ್ದವರಿಗಾಗಿ ನಾಲ್ಕು ಲವಣಗಳನ್ನು ಬೆರೆಸಿ ಕೃತಕ ಕಡಲನೀರು ಮಾಡುವ ಬಗೆಯನ್ನೂ ಕಂಡುಹಿಡಿದ. ಅಲ್ಲಿಂದ ಇಂಗ್ಲೆಂಡಿನಲ್ಲಿ ಒಂದು ಹುಚ್ಚು ಹರಡಿತು. ಮನೆಮನೆಯಲ್ಲಿ ಗಾಜಿನ ತೊಟ್ಟಿ. ರಜೆ ಬಂದರೆ ಬುಟ್ಟಿ, ಉಳಿ ಹಿಡಿದು ಜನ ಕಡಲ ತಡಿಗೆ ಹೊರಡುವರು. ಐವತ್ತು ವರ್ಷಗಳ ಮೇಲೆ, 1907ರಲ್ಲಿ, ಅವನ ಮಗ ಎಡ್ಮಂಡ್ ಗಾಸ್ ತಂದೆಯೊಡನೆ ಕಳೆದ ಬಾಲ್ಯವನ್ನು ಒಂದು ಪುಸ್ತಕದಲ್ಲಿ ನೆನೆದುಕೊಂಡ. ಬಂಡೆಗಳ ನಡುವಿನ ಹೊಂಡಗಳು ಆಗ ಹೇಗೆ ತುಂಬಿ ತುಳುಕುತ್ತಿದ್ದವು, ತನ್ನ ತಂದೆಯ ಪುಸ್ತಕಗಳನ್ನು ಓದಿ ಬಂದ ಸಂಗ್ರಾಹಕರ ದಂಡು ಅವುಗಳನ್ನು ಹೇಗೆ ಬರಿದುಮಾಡಿತು, ಎಂಬುದನ್ನು ಅದರಲ್ಲಿ ಕಾಣಬಹುದು. ಕಡಲನ್ನು ಮನಸಾರೆ ಪ್ರೀತಿಸಿದವನ ಪುಸ್ತಕವೇ ಕಡಲ ತಡಿಗೆ ಕುತ್ತಾಯಿತು. ಈ ಹವ್ಯಾಸದ ಚರಿತ್ರೆಯುದ್ದಕ್ಕೂ ಇದೇ ಸಂಕಟ ಮತ್ತೆ ಮತ್ತೆ ಎದುರಾಗುತ್ತದೆ.

ಆನ್ನಾ ಥಿನ್ ಸಾಕಿದ್ದು ತಂಪುನೀರಿನ ಒಂಟಿ ಹವಳ. ಉಷ್ಣವಲಯದ ದಿಬ್ಬ ಕಟ್ಟುವ ಹವಳ ಹಾಗೆ ಬದುಕುವುದಿಲ್ಲ. ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳು ನೆಲಸಿರುತ್ತವೆ. ಪಾಚಿ ಬೆಳಕಿನಿಂದ ಆಹಾರ ತಯಾರಿಸಿ ಹವಳಕ್ಕೆ ಕೊಡುತ್ತದೆ. ಹವಳ ಅದಕ್ಕೆ ಮನೆ ಕೊಡುತ್ತದೆ. ಆದುದರಿಂದ ಅದಕ್ಕೆ ಉಗ್ರವಾದ ಬೆಳಕು ಬೇಕು. ಎಲುಬು ಕಟ್ಟಲು ನೀರಿನಲ್ಲಿ ಸುಣ್ಣದ ಅಂಶ ಬೇಕು. ಸದಾ ಅಲೆಯ ಓಟ ಬೇಕು. ನೀರು ಬೆಚ್ಚಗಿರಬೇಕು, ಆದರೆ ಒಂದೆರಡು ಡಿಗ್ರಿ ಹೆಚ್ಚಾದರೂ ಕೇಡು. ಎಲ್ಲಕ್ಕಿಂತ ಮಿಗಿಲಾಗಿ, ಮೀನುಗಳ ಕಲ್ಮಷದಿಂದ ಹುಟ್ಟುವ ವಿಷವನ್ನು ಕ್ಷಣಕ್ಷಣವೂ ಕಳೆಯಬೇಕು. ಇಷ್ಟೆಲ್ಲ ಒಂದು ತೊಟ್ಟಿಯಲ್ಲಿ ಕೂಡಿಬರಲು ಮತ್ತೆ ನೂರು ವರ್ಷಗಳು ಹಿಡಿದವು. ಅಲ್ಲಿಯವರೆಗೆ ಬಣ್ಣದ ಮೀನಿನ ತೊಟ್ಟಿಯಲ್ಲಿ ಅಲಂಕಾರಕ್ಕೆ ಇಟ್ಟದ್ದು ಸತ್ತ ಹವಳದ ಬಿಳಿಯ ಎಲುಬು.

ಬೀಗವನ್ನು ತೆರೆದವರಲ್ಲಿ ಒಬ್ಬರು ಇಂಡೊನೇಷ್ಯದ ಜಕಾರ್ತದ ಲೀ ಚಿನ್ ಎಂಗ್. 1961ರಲ್ಲಿ ಅವರು ತಮ್ಮ ವಿಧಾನವನ್ನು ಬರೆದು ತಿಳಿಸಿದರು. ಕಡಲಿನಿಂದ ತಂದ ಜೀವಂತ ಕಲ್ಲುಗಳು, ಬಿಸಿಲು, ಸಣ್ಣ ಗಾಳಿಗುಳ್ಳೆಗಳು, ಇಷ್ಟೆ. ಕಲ್ಲಿನ ರಂಧ್ರಗಳಲ್ಲಿ ನೆಲಸಿದ ಸೂಕ್ಷ್ಮಜೀವಿಗಳೇ ವಿಷವನ್ನು ಅರಗಿಸಿಕೊಳ್ಳುತ್ತವೆ ಎಂಬುದು ಅದರ ಗುಟ್ಟು. ಮುಂದೆ ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಬರ್ಲಿನ್ನಿನ ಹವ್ಯಾಸಿಗಳು ಇದಕ್ಕೆ ನೊರೆಯೊಡನೆ ಕಲ್ಮಷವನ್ನು ಎತ್ತಿ ಹಾಕುವ ಸಾಧನವನ್ನೂ ಪ್ರಬಲವಾದ ದೀಪಗಳನ್ನೂ ಸೇರಿಸಿದರು. ಎಲುಬಿಗೆ ಬೇಕಾದ ಸುಣ್ಣವನ್ನು ಹೇಗೆ ಕೊಟ್ಟರೆನ್ನುತ್ತೀರಿ? ನಮ್ಮ ಮನೆಗಳಲ್ಲಿ ಅಜ್ಜಿಯಂದಿರು ಬಲ್ಲ ಸುಣ್ಣದ ತಿಳಿನೀರಿನಿಂದ! ಅದನ್ನು ಹನಿಹನಿಯಾಗಿ ತೊಟ್ಟಿಗೆ ಬಿಟ್ಟರು. ಹವಳ ಬೆಳೆಯಿತು. ವಿಶ್ವವಿದ್ಯಾನಿಲಯಗಳ ಪ್ರಯೋಗಶಾಲೆಗಳಷ್ಟೇ ಅಲ್ಲದೆ ಮನೆಯ ಮೂಲೆಗಳೂ ಈ ವಿದ್ಯೆಗೆ ಹುಟ್ಟೂರಾದುವು ಎಂಬುದು ಗಮನಿಸಬೇಕಾದ ಸಂಗತಿ.

ಅಜ್ಜಂಪುರದ ಕಡೆಯವನೇ ಆದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಮೆರಿಕದ ಒಳನಾಡಿನ ಊರೊಂದರಲ್ಲಿ ನೆಲಸಿದ್ದಾನೆ. ಅವನ ಮನೆಯಲ್ಲಿ ಇಂಥ ತೊಟ್ಟಿಯೊಂದನ್ನು ನಾನು ಕಂಡೆ. ನಾಲ್ಕಡಿ ಉದ್ದದ ಗಾಜು. ಒಳಗೆ ನೇರಿಳೆ, ಹಸಿರು, ಕಂದು ಬಣ್ಣದ ಕೊಂಬೆಗಳು. ನಡುವೆ ಎರಡು ಕಿತ್ತಳೆ ಬಣ್ಣದ ಮೀನುಗಳು. ಅವನು ಬೆಳಿಗ್ಗೆ ಎದ್ದವನೆ ನೀರಿನ ಬಿಸುಪನ್ನು ನೋಡುತ್ತಾನೆ. ರಾತ್ರಿ ಆವಿಯಾದಷ್ಟು ಸಿಹಿನೀರನ್ನು ಸುರಿಯುತ್ತಾನೆ. ನೀರು ಆವಿಯಾದರೂ ಉಪ್ಪು ಆವಿಯಾಗದಷ್ಟೆ. ಲೀಟರಿಗೆ ಮೂವತ್ತೈದು ಗ್ರಾಂ ಉಪ್ಪು ಎಂಬ ಕಡಲಿನ ಲೆಕ್ಕ ತಪ್ಪಬಾರದು. ವಿದ್ಯುತ್ತು ನಿಂತರೆ ಕೆಲವು ಗಂಟೆಗಳಲ್ಲಿ ಎಲ್ಲವೂ ಉಸಿರುಗಟ್ಟಿ ಸತ್ತಾವೆಂದು ಬೇರೆ ಏರ್ಪಾಡು ಇಟ್ಟಿದ್ದಾನೆ. "ಇದು ಕರೆಯುವ ಹಸು ಕಟ್ಟಿದ ಹಾಗೆ, ಸಾರ್. ಒಂದು ದಿನ ಊರು ಬಿಡಬೇಕಾದರೂ ಇನ್ನೊಬ್ಬರಿಗೆ ಒಪ್ಪಿಸಿ ಹೋಗಬೇಕು" ಎಂದ. ಈ ಹವಳಗಳನ್ನು ಕಡಲಿನಿಂದ ತಂದೆಯೇನಪ್ಪ ಎಂದು ಕೇಳಿದೆ. ಇಲ್ಲವೆಂದು, ನೆರೆಯ ಊರಿನ ಗೆಳೆಯರು ಕೊಟ್ಟ ತುಂಡುಗಳನ್ನು ತೋರಿಸಿದ. ಬೆಳೆದ ಕೊಂಬೆಯನ್ನು ಮುರಿದು ಕಲ್ಲಿಗೆ ಅಂಟಿಸಿದರೆ ಅದೇ ಹೊಸ ಗಿಡವಾಗುತ್ತದಂತೆ. ನಾವು ದಾಸವಾಳದ ಕಡ್ಡಿ ನೆಡುವಂತೆ! ಹವಳವನ್ನು ಬಳ್ಳಿ ಎಂದ ಕವಿಗಳ ಮಾತು ಅಷ್ಟೇನೂ ಸುಳ್ಳಲ್ಲವೆಂದು ಆಗ ನನಗೆ ಅನ್ನಿಸಿತು. ಪ್ರಾಣಿಯೇ ಆದರೂ ಮೈಯೊಳಗೆ ಸಸ್ಯವನ್ನಿಟ್ಟುಕೊಂಡು, ಬೆಳಕುಂಡು, ಕಡ್ಡಿಯಿಂದ ಚಿಗುರುವ ಜೀವವನ್ನು ವಿದ್ರುಮವೆಂದರೆ ತಪ್ಪೇನು?

ಆದರೆ ಎಲ್ಲ ತೊಟ್ಟಿಗಳೂ ಹೀಗೆ ತುಂಬುವುದಿಲ್ಲ. ಫಿಲಿಪೈನ್ಸ್ ದ್ವೀಪಗಳಲ್ಲಿ 1960ರ ದಶಕದಿಂದ ಬಣ್ಣದ ಮೀನುಗಳನ್ನು ಹಿಡಿಯಲು ಹವಳದ ಸಂದುಗಳಿಗೆ ಸಯನೈಡ್ ವಿಷವನ್ನು ಚಿಮುಕಿಸುವ ಕ್ರೂರ ಪದ್ಧತಿ ಬೆಳೆಯಿತು. ಮೀನು ಮಂಕಾಗಿ ಕೈಗೆ ಸಿಗುತ್ತದೆ. ಅದು ಅಡಗಿದ್ದ ಹವಳ ಸಾಯುತ್ತದೆ. ನಮ್ಮಲ್ಲಿ ಕೇಡು ಬಂದದ್ದು ಬೇರೆ ದಾರಿಯಿಂದ. ಮನ್ನಾರ್ ಕೊಲ್ಲಿಯ ಹವಳದ ದಿಬ್ಬಗಳನ್ನು ಸುಣ್ಣಕ್ಕಾಗಿ ದಶಕಗಳ ಕಾಲ ಅಗೆದರು. ಅಲ್ಲಿನ ಇಪ್ಪತ್ತೊಂದು ದ್ವೀಪಗಳಲ್ಲಿ ಎರಡು ನೀರಿನಲ್ಲಿ ಮುಳುಗಿಹೋದವು. ಹವಳಕ್ಕೆ ಸುಣ್ಣ ಉಣಿಸಿ ಬೆಳೆಸಿದವರು ಒಂದು ಕಡೆ, ಹವಳವನ್ನೇ ಸುಟ್ಟು ಸುಣ್ಣ ಮಾಡಿದವರು ಇನ್ನೊಂದು ಕಡೆ! 2001ರಲ್ಲಿ ಭಾರತ ಸರ್ಕಾರವು ಎಲ್ಲ ಕಲ್ಲುಹವಳಗಳನ್ನೂ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿಸಿತು. ಹುಲಿಗೆ ಇರುವ ಆಸರೆಯೇ ಈಗ ಅವಕ್ಕೂ ಇದೆ. ಆದುದರಿಂದ ನಮ್ಮ ಕಡಲಿನ ಹವಳವನ್ನು ಕಿತ್ತು ಮನೆಯ ತೊಟ್ಟಿಯಲ್ಲಿಡುವುದು ಅಪರಾಧ. ಅಂಗಡಿಯವನು ಎಷ್ಟೇ ನಯವಾಗಿ ಮಾತನಾಡಲಿ, ಕೊಳ್ಳುವವನು ಇದನ್ನು ಮರೆಯಬಾರದು.

ಹಾಗಾದರೆ ಈ ಹವ್ಯಾಸವನ್ನು ತೆಗೆದುಹಾಕಬೇಕೆ? ಈ ಪ್ರಶ್ನೆಗೆ ಉತ್ತರ ಸುಲಭವಲ್ಲ. 1998ರಲ್ಲಿ ಕಡಲಿನ ನೀರು ಬಿಸಿಯೇರಿ ಲೋಕದ ಹವಳಗಳು ಬಿಳಿಚಿಕೊಂಡವು. ಶಾಖ ಮಿತಿಮೀರಿದಾಗ ಹವಳ ತನ್ನ ಮೈಯೊಳಗಿನ ಪಾಚಿಯನ್ನು ಹೊರಹಾಕುತ್ತದೆ; ಬಣ್ಣ ಹೋಗಿ ಬಿಳಿಯ ಎಲುಬು ಕಾಣುತ್ತದೆ; ಹಾಗೆಯೇ ಮುಂದುವರಿದರೆ ಹಸಿವಿನಿಂದ ಸಾಯುತ್ತದೆ. ಒಮ್ಮೆ ನಮ್ಮ ದಕ್ಷಿಣ ಕನ್ನಡಕ್ಕೆ ಸೇರಿದ್ದ ದ್ವೀಪಗಳಿರುವ ಲಕ್ಷದ್ವೀಪದಲ್ಲಿಯೂ ಅದು ಸಂಭವಿಸಿತು. 2010ರಲ್ಲಿ, 2016ರಲ್ಲಿ, 2024ರಲ್ಲಿ ಮರುಕಳಿಸಿತು. ಅಮೆರಿಕದ ಫ್ಲಾರಿಡ ತೀರದಲ್ಲಿ 2014ರಿಂದ ರೋಗವೊಂದು ಕಲ್ಲುಹವಳಗಳನ್ನು ಕೊಲ್ಲತೊಡಗಿತು. ಆಗ ಅಲ್ಲಿನವರು ರೋಗ ತಾಗದ ಹವಳಗಳನ್ನು ಕಡಲಿನಿಂದ ಎತ್ತಿ, ದೇಶದ ನಾನಾ ಮತ್ಸ್ಯಾಲಯಗಳಿಗೆ ಸಾಗಿಸಿ ಕಾಪಾಡುವ ಕೆಲಸಕ್ಕೆ ತೊಡಗಿದರು. ಅವುಗಳಲ್ಲಿ ಕೆಲವು ಕಡಲು ಕಾಣದ ನೆಬ್ರಾಸ್ಕದಂಥ ಒಳನಾಡಿನ ರಾಜ್ಯಗಳಲ್ಲಿವೆ. ಕಡಲಿನಲ್ಲಿ ಬದುಕಲಾರದ ಹವಳಕ್ಕೆ ನೆಲದ ನಡುವಿನ ಗಾಜಿನ ತೊಟ್ಟಿ ಆಸರೆಯಾಯಿತು. ಬೆಳಕೆಷ್ಟು, ಸುಣ್ಣವೆಷ್ಟು, ಅಲೆಯೆಷ್ಟು ಎಂಬ ಲೆಕ್ಕವನ್ನು ಮೂರು ತಲೆಮಾರಿನ ಹವ್ಯಾಸಿಗಳು ಸೋತು ಗೆದ್ದು ಕಲಿಯದೆ ಇದ್ದಿದ್ದರೆ ಈ ಆಸರೆ ಇಷ್ಟು ಸುಲಭವಾಗಿ ಒದಗುತ್ತಿರಲಿಲ್ಲ. ತಡಿಯನ್ನು ಬರಿದುಮಾಡಿದ ಹವ್ಯಾಸವೇ ತಡಿಗೆ ಹಿಂದಿರುಗಿಸಬೇಕಾದುದನ್ನೂ ಕಲಿತುಕೊಂಡಿತು.

ಇಲ್ಲಿ ನಮ್ಮ ಕೆರೆಗಳ ಪಾಠ ನೆರವಿಗೆ ಬರುತ್ತದೆ. ಬುಕ್ಕರಾಯನ ಮಗ ಭಾಸ್ಕರನು 1369ರಲ್ಲಿ ಪೋರುಮಾಮಿಳ್ಳದಲ್ಲಿ ಕೆರೆಯೊಂದನ್ನು ಕಟ್ಟಿಸಿ ಶಾಸನ ಹಾಕಿಸಿದ. ಅದಕ್ಕೆ ಇಟ್ಟ ಹೆಸರು ಅನಂತರಾಜಸಾಗರ. ಅದೂ ಒಂದು ಕಡಲೇ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ತಪ್ಪಿಸಬೇಕಾದ ಆರು ದೋಷಗಳನ್ನೂ ಆ ಶಾಸನ ಎಣಿಸುತ್ತದೆ. ಅಂಗಗಳಲ್ಲಿ ಮೊದಲು ಬರುವುದು ಧರ್ಮಿಷ್ಠನಾದ ದೊರೆ. ಆಮೇಲೆ ಜಲಶಾಸ್ತ್ರ ಬಲ್ಲವನು. ಮಣ್ಣು, ಕಲ್ಲು, ಏರಿ ಅನಂತರ. ಎಂದರೆ ನೀರು ನಿಲ್ಲಬೇಕಾದರೆ ಮೊದಲು ಮನುಷ್ಯ ನಿಲ್ಲಬೇಕು. ಕೆರೆ ಕಟ್ಟಿದರೆ ಮುಗಿಯಲಿಲ್ಲ. ಹೂಳೆತ್ತುವ ಬಂಡಿಗೆಂದು, ಏರಿಯ ಕಾಪಿಗೆಂದು ಬಿತ್ತುವಟ್ಟ, ಕೊಡಗೆಗಳನ್ನು ಬಿಟ್ಟರು. ತೂಬನ್ನು ಎತ್ತಿ ಇಳಿಸುವ ನೀರುಗಂಟಿಯನ್ನು ನೇಮಿಸಿದರು. ನೀರುಗಂಟಿ ಇಲ್ಲದ ಊರಿನಲ್ಲಿ ಸಮುದ್ರವೆಂಬ ಹೆಸರು ಉಳಿದರೂ ಕೆರೆ ಉಳಿಯಲಿಲ್ಲ. ಹೂಳು ತುಂಬಿ ಬಯಲಾದ ಎಷ್ಟೋ ಸಾಗರಗಳನ್ನು ನಾವು ನೋಡಿದ್ದೇವೆ.

ಗಾಜಿನ ಅಂಬುಧಿಗೂ ಇದೇ ನಿಯಮ. ಕಿಟಕಿಯ ಬಳಿ ನೀರು ಸುರಿದ ಆ ಹೆಸರಿಲ್ಲದ ಹೆಣ್ಣುಮಗಳಿಂದ ಹಿಡಿದು, ಬೆಳಗಾಗೆದ್ದು ಉಪ್ಪಿನ ಲೆಕ್ಕ ನೋಡುವ ನನ್ನ ವಿದ್ಯಾರ್ಥಿಯವರೆಗೆ, ಅದನ್ನು ಉಳಿಸಿಕೊಂಡು ಬಂದವರು ನೀರುಗಂಟಿಗಳೇ. ಕಡಲಿನ ಚೆಲುವನ್ನು ಮನೆಗೆ ತರಬೇಕೆಂಬ ಆಸೆಯನ್ನು ತಪ್ಪೆನ್ನಲಾಗದು. ಬುಕ್ಕನ ಕಾಲದಿಂದ ನಾವೂ ಅದನ್ನೇ ಮಾಡುತ್ತ ಬಂದಿದ್ದೇವೆ. ಆದರೆ ಕಡಲನ್ನು ಕಿತ್ತು ತಂದವನ ತೊಟ್ಟಿ ಬೇರೆ, ಕಡ್ಡಿ ನೆಟ್ಟು ಬೆಳೆಸಿದವನ ತೊಟ್ಟಿ ಬೇರೆ. ಮುಂದೆಂದಾದರೂ ನಮ್ಮ ನಾಡಿನಲ್ಲಿಯೂ ಕಾಯಿದೆಯ ಒಪ್ಪಿಗೆಯಿಂದ, ವಿದ್ವಾಂಸರ ಮೇಲ್ವಿಚಾರಣೆಯಲ್ಲಿ, ನೇತ್ರಾಣಿಯ ಹವಳಕ್ಕೆ ಕೇಡು ಬಂದ ದಿನ ಆಸರೆಯಾಗಬಲ್ಲ ತೊಟ್ಟಿಗಳು ಏಳಬಹುದು. ಅಲ್ಲಿಯವರೆಗೆ ಹವಳ ತನ್ನ ಕಡಲಲ್ಲಿಯೇ ಇರಲಿ. ಮನೆಯಲ್ಲಿ ನೀರನ್ನು ಕಾಯುವ ವಿದ್ಯೆಯನ್ನು ಕಲಿಯಬೇಕೆನ್ನುವ ಎಳೆಯರಿಗೆ ನಮ್ಮ ಕೆರೆಯ ಸಿಹಿನೀರಿನ ಸಣ್ಣ ಮೀನುಗಳು ಸಾಕು. ಅವನ್ನು ಒಂದು ವರ್ಷ ಕೆಡದ ನೀರಿನಲ್ಲಿ ಬಾಳಿಸಿದವರು ಕಡಲನ್ನು ಕಾಯುವ ಕೆಲಸಕ್ಕೂ ಅರ್ಹರಾಗುತ್ತಾರೆ.